ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳು: ವಿದ್ಯಾರ್ಥಿಗಳ ಹಿನ್ನೆಲೆ ಮತ್ತು ಕಲಿಕೆ

ಚಾಮರಾಜನಗರ ಜಿಲ್ಲೆಯು 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ರಚನೆಗೊಂಡಿತು. ಕೊಳ್ಳೇಗಾಲ ಪ್ರದೇಶವು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹನೂರು 2018ರಲ್ಲಿ ಪ್ರತ್ಯೇಕ ತಾಲ್ಲೂಕಾಗಿ ಕಾರ್ಯಾರಂಭ ಮಾಡಿತು. ಆದುದರಿಂದ 2011ರ ಜನಗಣತಿಯಲ್ಲಿ ಹನೂರಿನ ಅಂಕಿಅಂಶಗಳು ಕೊಳ್ಳೇಗಾಲ ತಾಲ್ಲೂಕಿನೊಳಗೇ ಸೇರಿಕೊಂಡಿವೆ. ಕಾಡಂಚಿನ ಊರುಗಳ ಸ್ಥಿತಿಯನ್ನು ಪಟ್ಟಣದ ಸ್ಥಿತಿಯೊಡನೆ ಬೆರೆಸಿ ಓದುವ ಅಪಾಯ ಇಲ್ಲಿಂದಲೇ ಆರಂಭವಾಗುತ್ತದೆ.

ವಿದ್ಯಾರ್ಥಿಗಳ ಸಾಮಾಜಿಕ ಹಿನ್ನೆಲೆ

2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರು ಸುಮಾರು ಶೇ. 25 ಹಾಗೂ ಪರಿಶಿಷ್ಟ ಪಂಗಡದವರು ಸುಮಾರು ಶೇ. 12ರಷ್ಟಿದ್ದಾರೆ. ರಾಜ್ಯದ ಪ್ರಮಾಣ ಕ್ರಮವಾಗಿ ಶೇ. 17 ಮತ್ತು ಶೇ. 7. ಜಿಲ್ಲೆಯ ಸಾಕ್ಷರತೆ 2001ರಲ್ಲಿ ಶೇ. 50.87 ಇದ್ದುದು 2011ರಲ್ಲಿ ಶೇ. 61.43ಕ್ಕೆ ಏರಿತಾದರೂ, ರಾಜ್ಯದ ಶೇ. 75.36ಕ್ಕಿಂತ ಬಹಳ ಕೆಳಗಿತ್ತು. ಮಹಿಳಾ ಸಾಕ್ಷರತೆ ಶೇ. 55ರ ಆಸುಪಾಸಿನಲ್ಲಿತ್ತು. ಅಂದರೆ ಮನೆಯಲ್ಲಿ ಪಾಠ ಓದಿಸುವ ತಾಯಿ ಇಲ್ಲದ ಮಕ್ಕಳೇ ಶಾಲೆಗಳಲ್ಲಿ ಗಣನೀಯ ಸಂಖ್ಯೆಯಲ್ಲಿದ್ದರು ಎಂದು ತಿಳಿಯಬೇಕಾಗುತ್ತದೆ.

ಪರಿಶಿಷ್ಟ ಪಂಗಡ ಎಂಬ ಒಂದೇ ಕಲಮಿನಲ್ಲಿ ಬಯಲು ಸೀಮೆಯ ನಾಯಕ ಸಮುದಾಯದ ಮಕ್ಕಳೂ, ಬಿಳಿಗಿರಿರಂಗನ ಬೆಟ್ಟ ಹಾಗೂ ಮಲೆ ಮಹದೇಶ್ವರ ಬೆಟ್ಟದ ಪೋಡುಗಳ ಸೋಲಿಗ ಮಕ್ಕಳೂ ಸೇರುತ್ತಾರೆ. ಇವರ ಸಂದರ್ಭಗಳು ಒಂದೇ ಅಲ್ಲ. ನಾಯಕರ ಮಕ್ಕಳಿಗೆ ಊರಿನಲ್ಲಿಯೇ ಶಾಲೆ ಇರುವುದು ಸಾಮಾನ್ಯ. ಪೋಡಿನ ಮಗುವಿಗೆ ಆಶ್ರಮ ಶಾಲೆಯೇ ಅನೇಕ ವೇಳೆ ಏಕೈಕ ಆಸರೆ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ವೈದ್ಯಕೀಯ ಸೇವೆಯೊಡನೆ ಸೋಲಿಗ ಮಕ್ಕಳ ಶಾಲೆಯನ್ನೂ ನಡೆಸಿಕೊಂಡು ಬಂದಿದೆ.

ಮನೆಮಾತಿನ ವಿಷಯವೂ ಗಮನಾರ್ಹ. ಹನೂರು ತಾಲ್ಲೂಕಿನ ಮಾರ್ಟಳ್ಳಿ, ಗೋಪಿನಾಥಂ ಮೊದಲಾದ ಗಡಿಭಾಗದ ಊರುಗಳಲ್ಲಿ ತಮಿಳು ಮಾತನಾಡುವ ಕುಟುಂಬಗಳಿವೆ. ಸೋಲಿಗ ನುಡಿಯು ಕನ್ನಡಕ್ಕೆ ಹತ್ತಿರವಾದರೂ ಪಠ್ಯಪುಸ್ತಕದ ಕನ್ನಡವಲ್ಲ. ಒಡೆಯರಪಾಳ್ಯದಲ್ಲಿ 1970ರ ದಶಕದಲ್ಲಿ ನೆಲೆಗೊಂಡ ಟಿಬೆಟಿಯನ್ ನಿರಾಶ್ರಿತರ ಮಕ್ಕಳಿಗೆ ಪ್ರತ್ಯೇಕ ಶಾಲಾ ವ್ಯವಸ್ಥೆಯಾದುದರಿಂದ ಅವರನ್ನು ಈ ಲೆಕ್ಕಕ್ಕೆ ತರುವುದು ಸರಿಯಲ್ಲ.

ದೂರ ಮತ್ತು ತರಗತಿಗಳ ನಡುವಿನ ಹೊಸ್ತಿಲು

ರಾಜ್ಯದಲ್ಲಿ ಕಿರಿಯ ಪ್ರಾಥಮಿಕ ಶಾಲೆ 5ನೇ ತರಗತಿಗೂ, ಹಿರಿಯ ಪ್ರಾಥಮಿಕ ಶಾಲೆ 7 ಅಥವಾ 8ನೇ ತರಗತಿಗೂ ಮುಗಿಯುತ್ತದೆ. ಈ ಎರಡು ಹೊಸ್ತಿಲುಗಳಲ್ಲಿ ಮಗು ಬೇರೆ ಊರಿನ ಶಾಲೆಗೆ ಹೋಗಬೇಕಾಗಬಹುದು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ನಿಯಮಗಳಂತೆ 1ರಿಂದ 5ನೇ ತರಗತಿಗೆ 1 ಕಿಲೋಮೀಟರ್, 6ರಿಂದ 8ನೇ ತರಗತಿಗೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಬಯಲಿನಲ್ಲಿ 3 ಕಿಲೋಮೀಟರ್ ಎಂದರೆ ಒಂದು ನಡಿಗೆ. ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಇಂಡಿಗನತ್ತ, ತುಳಸಿಕೆರೆ, ಪಡಸಲನತ್ತದಂತಹ ಊರುಗಳಿಗೆ ಅದೇ ದೂರ ಆನೆ ಓಡಾಡುವ ಕಾಡುದಾರಿ. ಈ ಊರುಗಳಿಗಾಗಿ 2022ರಲ್ಲಿ ‘ಜನ-ವನ ಸಾರಿಗೆ’ ಎಂಬ ಜೀಪು ಸೇವೆಯನ್ನು ಆರಂಭಿಸಲಾಯಿತು. ಕೂಲಿಗಾಗಿ ತಂದೆತಾಯಿ ಕೊಡಗಿನ ಕಾಫಿ ತೋಟಗಳಿಗೋ ಬೇರೆ ಊರಿಗೋ ಹೋದಾಗ ಹಾಜರಾತಿ ಮಧ್ಯದಲ್ಲಿ ತುಂಡಾಗುವುದು ಇನ್ನೊಂದು ತೊಡಕು.

ಕಲಿಕಾ ಫಲಿತಾಂಶವನ್ನು ಓದುವ ಬಗೆ

ಶಾಲೆಯ ಸರಾಸರಿ ಅಂಕವು ಪರೀಕ್ಷೆಗೆ ಕುಳಿತ ಮಕ್ಕಳದ್ದು ಮಾತ್ರ. ಬಿಟ್ಟುಹೋದವರು ಅದರಲ್ಲಿ ಕಾಣಿಸುವುದಿಲ್ಲ. 6ನೇ ತರಗತಿಗೆ ಬಾರದ ಹುಡುಗಿಯಿಂದ ಶಾಲೆಯ ಸರಾಸರಿ ಕುಗ್ಗದು, ಕೆಲವೊಮ್ಮೆ ಏರಲೂಬಹುದು. ಇದಕ್ಕೆ ತದ್ವಿರುದ್ಧವಾಗಿ, ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದ ಮಕ್ಕಳು 6ನೇ ತರಗತಿಗೆ ನವೋದಯ ವಿದ್ಯಾಲಯ ಅಥವಾ ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಹೊರಟರೆ, ಅವರಿಗೆ ಐದು ವರ್ಷ ಕಲಿಸಿದ ಊರಿನ ಶಾಲೆಯ ಸರಾಸರಿ ಇಳಿಯುತ್ತದೆ. ಚೆನ್ನಾಗಿ ಕಲಿಸಿದ್ದೇ ಆ ಶಾಲೆಯ ಅಂಕಪಟ್ಟಿಗೆ ಮುಳುವಾಯಿತೆನ್ನಬೇಕು. ಒಂದು ತರಗತಿಯಲ್ಲಿ ಏಳೆಂಟು ಮಕ್ಕಳಷ್ಟೇ ಇರುವೆಡೆ ಒಬ್ಬರ ಅನುತ್ತೀರ್ಣತೆಯೂ ಶೇಕಡಾವಾರಿನಲ್ಲಿ ದೊಡ್ಡ ಕುಸಿತವಾಗಿ ತೋರುತ್ತದೆ.

ವರ್ಷದಿಂದ ವರ್ಷಕ್ಕೆ ಹೋಲಿಸುವುದೂ ಸುಲಭವಲ್ಲ. 2023ರ ಮಾರ್ಚ್‌ನಲ್ಲಿ 5 ಮತ್ತು 8ನೇ ತರಗತಿಗಳಿಗೆ ರಾಜ್ಯಮಟ್ಟದ ಮೌಲ್ಯಾಂಕನ ನಡೆಯಿತು. 2024ರಲ್ಲಿ ಇಂತಹ ಪರೀಕ್ಷೆಗಳ ಫಲಿತಾಂಶ ಪ್ರಕಟಣೆಗೆ ಸುಪ್ರೀಂ ಕೋರ್ಟ್ ತಡೆ ನೀಡಿತು. ಆದ ಕಾರಣ ದಾಖಲಾತಿ, ಹಾಜರಾತಿ ಮತ್ತು 5ರಿಂದ 6ಕ್ಕೆ, 7ರಿಂದ 8ಕ್ಕೆ ದಾಟಿದ ಮಕ್ಕಳ ಸಂಖ್ಯೆಯೇ ಅಂಕಗಳಿಗಿಂತ ಹೆಚ್ಚು ನಂಬಲರ್ಹ ಸೂಚಕ. ಪ್ರತಿ ಶಾಲೆಯ ಇಂತಹ ಮಾಹಿತಿಯನ್ನು ಯು-ಡೈಸ್ ವ್ಯವಸ್ಥೆಯಲ್ಲಿ ವರ್ಷಕ್ಕೊಮ್ಮೆ ದಾಖಲಿಸಲಾಗುತ್ತದೆ.

ಉತ್ತೇಜಕ ಕಾರ್ಯಕ್ರಮಗಳು

ಅಕ್ಷರ ದಾಸೋಹ ಯೋಜನೆ 2002ರಲ್ಲಿ ಉತ್ತರ ಕರ್ನಾಟಕದಲ್ಲಿ ಆರಂಭವಾಗಿ 2003ರಲ್ಲಿ ಈ ಭಾಗಕ್ಕೂ ವಿಸ್ತರಣೆಗೊಂಡಿತು. ಕ್ಷೀರಭಾಗ್ಯ 2013ರಲ್ಲಿ ಸೇರಿತು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು 2001ರಿಂದ ರಚನೆಯಾಗಿವೆ.

ಪೋಷಕರು ಗಮನಿಸಬೇಕಾದ ಅಂಶಗಳು

ವಲಸೆ ಹೋಗಿ ಮರಳಿದ ಕುಟುಂಬದ ಮಗುವಿಗೆ ಶೈಕ್ಷಣಿಕ ವರ್ಷದ ಮಧ್ಯದಲ್ಲಿಯೂ ಪ್ರವೇಶ ನಿರಾಕರಿಸುವಂತಿಲ್ಲ. ಜನನ ಪ್ರಮಾಣಪತ್ರ ಇಲ್ಲವೆಂಬ ಅಥವಾ ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣವೂ ಸಲ್ಲದು. ಶಾಲೆ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ನೀಡಬೇಕೆಂದು ಕಾಯ್ದೆಯ 4ನೇ ಪ್ರಕರಣ ತಿಳಿಸುತ್ತದೆ. ಪ್ರವೇಶದಲ್ಲಿ ತೊಂದರೆಯಾದಲ್ಲಿ ಮುಖ್ಯೋಪಾಧ್ಯಾಯರನ್ನು, ಅನಂತರ ಸಂಬಂಧಪಟ್ಟ ಕ್ಷೇತ್ರ ಶಿಕ್ಷಣಾಧಿಕಾರಿಯವರ ಕಚೇರಿಯನ್ನು ಲಿಖಿತವಾಗಿ ಸಂಪರ್ಕಿಸಬಹುದು. ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ಮೂರೂ ಪ್ರತ್ಯೇಕ ಶೈಕ್ಷಣಿಕ ವಲಯಗಳಾಗಿರುತ್ತವೆ.