ಮರೆಯಾಗಲೆಂದೇ ಬರೆದವರು: ಜ್ಯಾಂ-ಕ್ಲೋದ್ ಕಾರಿಯೇರ್

ಚಲನಚಿತ್ರವೊಂದನ್ನು ನೋಡಿ ಮನೆಗೆ ಮರಳುವಾಗ ನಾವು ನಟನಟಿಯರನ್ನು ನೆನೆಯುತ್ತೇವೆ. ಹಾಡು ಹಿಡಿಸಿದ್ದರೆ ಗಾಯಕರನ್ನು, ತುಸು ತಿಳಿದವರಾದರೆ ನಿರ್ದೇಶಕರನ್ನು. ಆ ಚಿತ್ರದ ಒಂದೊಂದು ದೃಶ್ಯವನ್ನೂ ಎಲ್ಲರಿಗಿಂತ ಮೊದಲು ಕಾಗದದ ಮೇಲೆ ಕಂಡವರೊಬ್ಬರಿದ್ದರೆಂಬುದು ನಮಗೆ ಹೊಳೆಯುವುದೇ ಇಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು ಮೂವರು ಈಗ ಧಾರಾವಾಹಿಗಳಿಗೆ ಚಿತ್ರಕಥೆ, ಸಂಭಾಷಣೆ ಬರೆದು ಜೀವನ ಸಾಗಿಸುತ್ತಿದ್ದಾರೆ. ಅವರ ಕೊರಗು ಇದೇ. ಬರೆದದ್ದು ಪುಸ್ತಕವಾಗಿ ಉಳಿಯುವುದಿಲ್ಲ, ಓದುಗರೆಂಬುವರು ಯಾರೂ ಇರುವುದಿಲ್ಲ. ಹಾಗಾದರೆ ಇದನ್ನು ಸಾಹಿತ್ಯವೆನ್ನಬಹುದೇ, ಇದನ್ನು ಕಲಿಯುವ ಕಲಿಸುವ ಮಾರ್ಗವಾದರೂ ಇದೆಯೇ?

ಈ ಪ್ರಶ್ನೆಗಳೊಡನೆ ಅರವತ್ತು ವರ್ಷ ಬದುಕಿದ ಒಬ್ಬರ ವೃತ್ತಾಂತವನ್ನು ಇಲ್ಲಿ ನಿರೂಪಿಸಬೇಕೆಂದಿದ್ದೇನೆ. ಅವರು ಫ್ರಾನ್ಸಿನ ಜ್ಯಾಂ-ಕ್ಲೋದ್ ಕಾರಿಯೇರ್. ಮಹಾಭಾರತವನ್ನು ಪಾಶ್ಚಾತ್ಯ ರಂಗಭೂಮಿಗೆ ಒಯ್ದವರೆಂದು ನಮ್ಮಲ್ಲಿ ಕೆಲವರಿಗೆ ಅವರ ಹೆಸರು ಪರಿಚಿತ. ಆದರೆ ಅವರ ಮುಖ್ಯ ಕಸುಬು ಚಿತ್ರಕಥೆ. ಅದರ ಜೊತೆಗೇ ಬೆಳೆದು ಬಂದದ್ದು ಅಧ್ಯಾಪನ.

ಕಾರಿಯೇರ್ ಹುಟ್ಟಿದ್ದು 1931ರ ಸೆಪ್ಟೆಂಬರ್ 17ರಂದು, ದಕ್ಷಿಣ ಫ್ರಾನ್ಸಿನ ಕೊಲೊಂಬಿಯೇರ್ ಎಂಬ ಸಣ್ಣ ಹಳ್ಳಿಯಲ್ಲಿ. ಅವರದು ದ್ರಾಕ್ಷಿ ಬೆಳೆಯುವ ರೈತ ಕುಟುಂಬ. ಎರಡನೆಯ ಮಹಾಯುದ್ಧ ಮುಗಿದ ವರ್ಷ ತಂದೆತಾಯಿಯರು ಹಳ್ಳಿ ಬಿಟ್ಟು ಪ್ಯಾರಿಸ್ಸಿನ ಅಂಚಿನ ಮೊಂತ್ರೇಯ್ ಎಂಬಲ್ಲಿ ಒಂದು ಕಾಫಿ ಹೋಟೆಲನ್ನು ನಡೆಸತೊಡಗಿದರು. ಹುಡುಗ ಓದಿನಲ್ಲಿ ಚುರುಕು. ಅಧ್ಯಾಪಕರನ್ನು ಸಿದ್ಧಪಡಿಸುವುದಕ್ಕೆ ಹೆಸರಾದ ಸೆಂ-ಕ್ಲೂ ನಗರದ ಎಕೋಲ್ ನೊರ್ಮಾಲ್ ಸಂಸ್ಥೆಯಲ್ಲಿ ಆತನಿಗೆ ಪ್ರವೇಶ ದೊರೆಯಿತು. ವಿಷಯ ಇತಿಹಾಸ. ಎಲ್ಲವೂ ನೇರವಾಗಿ ನಡೆದಿದ್ದರೆ ಕಾರಿಯೇರ್ ನಮ್ಮಂತೆಯೇ ಕೈಯಲ್ಲಿ ಸೀಮೆಸುಣ್ಣ ಹಿಡಿದ ಇತಿಹಾಸದ ಮೇಷ್ಟರಾಗಿ ನಿವೃತ್ತರಾಗುತ್ತಿದ್ದರೇನೋ. ಆದರೆ 1957ರಲ್ಲಿ ಅವರ ಮೊದಲ ಕಾದಂಬರಿ ಪ್ರಕಟವಾಯಿತು, ಬದುಕು ಬೇರೆ ದಾರಿ ಹಿಡಿಯಿತು.

ಆ ಕಾದಂಬರಿಯ ಪ್ರಕಾಶಕರಾದ ರೊಬೇರ್ ಲಾಫೋಂ ಆಗ ಹಾಸ್ಯಚಿತ್ರಗಳ ನಿರ್ದೇಶಕ ಜಾಕ್ ತಾತಿಯವರ ಚಿತ್ರಗಳನ್ನು ಕಾದಂಬರಿಯ ರೂಪಕ್ಕೆ ತರುವ ಯೋಜನೆ ಹಾಕಿಕೊಂಡಿದ್ದರು. ಕೆಲವು ಎಳೆಯ ಲೇಖಕರಿಂದ ಒಂದೊಂದು ಅಧ್ಯಾಯ ಬರೆಸಿ ತಾತಿಯವರ ಮುಂದಿರಿಸಲಾಯಿತು. ಅವರು ಆರಿಸಿದ್ದು ಕಾರಿಯೇರರ ಬರಹವನ್ನು. ಸಿನಿಮಾ ಹೇಗೆ ತಯಾರಾಗುತ್ತದೆಂದು ಬಲ್ಲೆಯಾ ಎಂದು ತಾತಿ ಕೇಳಿದಾಗ, ಚಿತ್ರ ನೋಡುವುದರ ಹೊರತು ಬೇರೇನೂ ಅರಿಯದ ತರುಣನ ಬಳಿ ಉತ್ತರವಿರಲಿಲ್ಲ. ತಾತಿ ಆತನನ್ನು ತಮ್ಮ ಚಿತ್ರಗಳ ಸಂಕಲನ ಮಾಡುತ್ತಿದ್ದ ಸುಜಾನ್ ಬಾರೋಂ ಎಂಬಾಕೆಯ ವಶಕ್ಕೆ ಒಪ್ಪಿಸಿದರು.

ಆಕೆ ಆತನನ್ನು ಸಂಕಲನ ಯಂತ್ರದ ಮುಂದೆ ಕೂರಿಸಿದರು. ಒಂದು ಪಕ್ಕದಲ್ಲಿ ಚಿತ್ರಕಥೆಯ ಹಸ್ತಪ್ರತಿ, ಇನ್ನೊಂದು ಪಕ್ಕದಲ್ಲಿ ಮುಗಿದ ಚಿತ್ರದ ಸುರುಳಿ. ಪುಟದ ಕಡೆಗೆ ಬೆರಳು ತೋರಿ, ಆಮೇಲೆ ಸುರುಳಿಯ ಕಡೆಗೆ ತೋರಿ, ಇದರಿಂದ ಅದಕ್ಕೆ ಹೋಗುವುದು ಹೇಗೆಂಬುದೇ ಸಿನಿಮಾದ ಸಮಸ್ಯೆಯೆಲ್ಲ ಎಂದರಂತೆ. ಬಳಿಕ ಒಂದು ಸಾಲು ಓದುವುದು, ಅದೇ ಭಾಗವನ್ನು ಯಂತ್ರದಲ್ಲಿ ನೋಡುವುದು, ಮತ್ತೆ ಓದುವುದು, ಮತ್ತೆ ನೋಡುವುದು. ಮುಂದೆ ಕಾರಿಯೇರ್ ದೇಶವಿದೇಶಗಳಲ್ಲಿ ಪಾಠ ಹೇಳುವಾಗಲೆಲ್ಲ ಈ ಪ್ರಸಂಗವನ್ನು ನೆನೆಯುತ್ತಿದ್ದರು. ಪುಟದಲ್ಲಿ ಏನಿತ್ತು, ಏನು ಹೋಯಿತು, ಏನು ಹೊಸದಾಗಿ ಸೇರಿತು ಎಂಬುದನ್ನು ಕಣ್ಣಾರೆ ತೋರಿಸುವುದಕ್ಕಿಂತ ಮಿಗಿಲಾದ ಪಾಠ ಇನ್ನೇನಿರಲು ಸಾಧ್ಯ? ಇನ್ನೊಂದು ಸ್ವಾರಸ್ಯವನ್ನೂ ಹೇಳಬೇಕು. 1979ರಲ್ಲಿ ಜರ್ಮನಿಯ ಷ್ಲೋಂಡಾರ್ಫ್ ನಿರ್ದೇಶಿಸಿದ ‘ದಿ ಟಿನ್ ಡ್ರಮ್’ ಚಿತ್ರಕ್ಕೆ ಕಾರಿಯೇರ್ ಚಿತ್ರಕಥೆಯಲ್ಲಿ ಪಾಲುಗೊಂಡಿದ್ದರು. ಅದರ ಸಂಕಲನ ಮಾಡಿದವರು ಅದೇ ಸುಜಾನ್ ಬಾರೋಂ. ಇಪ್ಪತ್ತು ವರ್ಷಗಳ ಬಳಿಕ ಗುರುವಿನ ಮೇಜಿನ ಮೇಲೆ ಶಿಷ್ಯನ ಕೆಲಸ ಬಂದು ಬಿದ್ದಿತ್ತು. ಆ ಚಿತ್ರಕ್ಕೆ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿಯಲ್ಲಿ ಪಾಲು ದೊರೆಯಿತು, ವಿದೇಶೀ ಚಿತ್ರಕ್ಕೆ ಮೀಸಲಾದ ಆಸ್ಕರ್ ಕೂಡ ಬಂದಿತು.

ತಾತಿಯವರ ಬಳಿಯಲ್ಲೇ ಪಿಯೇರ್ ಎತೆಕ್ಸ್ ಎಂಬ ಹಾಸ್ಯಗಾರರ ಸ್ನೇಹವಾಗಿ, ಇಬ್ಬರೂ ಕೂಡಿ ಮಾಡಿದ ಕಿರುಚಿತ್ರವೊಂದಕ್ಕೆ 1963ರಲ್ಲಿ ಆಸ್ಕರ್ ಪ್ರಶಸ್ತಿ ಲಭಿಸಿತು. ಅದೇ ವರ್ಷ ಸ್ಪೇನಿನ ಮಹಾನ್ ನಿರ್ದೇಶಕ ಲೂಯಿ ಬುನ್ಯುಯೆಲ್ ಹೊಸ ಲೇಖಕನೊಬ್ಬನನ್ನು ಹುಡುಕುತ್ತಿದ್ದರು. ಭೇಟಿಯಾದಾಗ ಅವರು ಕೇಳಿದ ಮೊದಲ ಪ್ರಶ್ನೆ, ನೀವು ದ್ರಾಕ್ಷಾರಸ ಕುಡಿಯುತ್ತೀರಾ ಎಂದು. ಕುಡಿಯುವುದಷ್ಟೇ ಅಲ್ಲ, ನಮ್ಮದು ಅದನ್ನು ತಯಾರಿಸುವ ಮನೆತನ ಎಂದರು ಕಾರಿಯೇರ್. ಇವರಿಬ್ಬರಿಗೂ ವಯಸ್ಸಿನಲ್ಲಿ ಮೂವತ್ತೊಂದು ವರ್ಷಗಳ ಅಂತರ. ಆದರೂ 1964ರಿಂದ 1977ರವರೆಗೆ ಆರು ಚಿತ್ರಗಳು ಅವರ ಜೊತೆಗಾರಿಕೆಯಲ್ಲಿ ಹೊರಬಂದವು. 1982ರಲ್ಲಿ ಪ್ರಕಟವಾದ ಬುನ್ಯುಯೆಲ್ಲರ ಆತ್ಮಕಥೆಯೂ ಕಾರಿಯೇರರ ನೆರವಿನಿಂದಲೇ ಸಿದ್ಧವಾಯಿತು.

ಇವರ ಕೆಲಸದ ರೀತಿ ಗಮನಿಸತಕ್ಕದ್ದು. ಊರಿನ ಗದ್ದಲದಿಂದ ದೂರ, ಸ್ಪೇನಿನಲ್ಲೋ ಮೆಕ್ಸಿಕೋದಲ್ಲೋ ಒಂದು ಹೋಟೆಲಿನಲ್ಲಿ ವಾರಗಟ್ಟಲೆ ಇಬ್ಬರೇ ತಂಗುವರು. ಬೆಳಿಗ್ಗೆಯೂ ಮಧ್ಯಾಹ್ನವೂ ಮಾತು, ವಾದ, ದೃಶ್ಯಗಳನ್ನು ಅಭಿನಯಿಸಿ ನೋಡುವುದು. ಸಂಜೆಯಾಗುತ್ತಲೇ ಅರ್ಧ ಗಂಟೆ ಇಬ್ಬರೂ ಬೇರೆ ಬೇರೆ ಕೂರಬೇಕು. ಪ್ರತಿಯೊಬ್ಬರೂ ಒಂದು ಹೊಸ ಕತೆಯನ್ನು ಕಟ್ಟಲೇಬೇಕು. ಅದು ಚಿಕ್ಕದಿರಲಿ ದೊಡ್ಡದಿರಲಿ, ಬರೆಯುತ್ತಿರುವ ಚಿತ್ರಕ್ಕೆ ಸಂಬಂಧಿಸಿರಲಿ ಬಿಡಲಿ, ಆ ಮೇಲೆ ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು. ಕಲ್ಪನೆಯೆಂಬುದು ದೇಹದ ಸ್ನಾಯುವಿನಂತೆ, ದಿನವೂ ದುಡಿಸಿದರೆ ಮಾತ್ರ ಬಲಿಯುತ್ತದೆ ಎಂಬುದು ಬುನ್ಯುಯೆಲ್ಲರ ನಂಬಿಕೆ. ಪ್ರತಿಭೆ ದೈವದತ್ತವೆಂದು ಕೈಕಟ್ಟಿ ಕೂರುವವರಿಗೆ ಇದು ಒಳ್ಳೆಯ ಉತ್ತರ. ಸಂಗೀತಗಾರ ಬೆಳಗಿನ ಜಾವ ಎದ್ದು ಸಾಧನೆ ಮಾಡುವುದನ್ನು ನಾವು ಸಹಜವೆಂದು ಒಪ್ಪುತ್ತೇವೆ. ಬರೆಯುವವನಿಗೂ ಅಂಥ ಸಾಧನೆ ಬೇಕೆಂದು ಮಾತ್ರ ನಮಗೆ ತೋಚುವುದಿಲ್ಲ.

1986ರಲ್ಲಿ ಫ್ರೆಂಚ್ ಸರ್ಕಾರ ಹಳೆಯ ಚಲನಚಿತ್ರ ಶಾಲೆಯ ಸ್ಥಾನದಲ್ಲಿ ‘ಫೆಮಿಸ್’ ಎಂಬ ಹೊಸ ಶಾಲೆಯನ್ನು ಪ್ಯಾರಿಸ್ಸಿನಲ್ಲಿ ತೆರೆಯಿತು. ಅದರ ಮೊದಲ ಅಧ್ಯಕ್ಷರಾಗಿ ಕಾರಿಯೇರ್ ಹತ್ತು ವರ್ಷ ದುಡಿದರು. ಇತಿಹಾಸದ ಮೇಷ್ಟರಾಗಬೇಕಿದ್ದವರು ಸುತ್ತಿ ಬಳಸಿ ಶಾಲೆಗೇ ಬಂದು ಸೇರಿದಂತಾಯಿತು. ಪಾಸ್ಕಾಲ್ ಬೊನಿತ್ಸೇರ್ ಎಂಬ ಮತ್ತೊಬ್ಬ ಚಿತ್ರಕಥಾಕಾರರೊಡನೆ ಅವರು ರಚಿಸಿದ ಚಿತ್ರಕಥೆಯ ಅಭ್ಯಾಸಗ್ರಂಥವು 1990ರಲ್ಲಿ ಆ ಶಾಲೆಯಿಂದಲೇ ಹೊರಬಂದಿತು.

ಅವರ ಬೋಧನೆಯ ತಿರುಳು ಹೀಗೆ. ಚಿತ್ರಕಥೆಯು ಸಾಹಿತ್ಯಯಾನದ ಕೊನೆಯ ಮಜಲಲ್ಲ, ಚಿತ್ರದ ಮೊದಲ ರೂಪ. ಅದು ಚಿಟ್ಟೆಯಾಗಲಿರುವ ಕಂಬಳಿಹುಳು. ಚಿಟ್ಟೆ ಹಾರಿದ ಮೇಲೆ ಹುಳುವನ್ನು ಹುಡುಕಿದರೆ ಎಲ್ಲಿ ಸಿಕ್ಕೀತು? ಚಿತ್ರೀಕರಣ ಮುಗಿದ ದಿನ ಸ್ಟುಡಿಯೋದ ಕಸದ ಬುಟ್ಟಿಗಳಲ್ಲಿ ಚಿತ್ರಕಥೆಯ ಪ್ರತಿಗಳು ಬಿದ್ದಿರುತ್ತವೆ ಎಂದು ಅವರು ಯಾವ ಕಹಿಯೂ ಇಲ್ಲದೆ ಹೇಳುತ್ತಿದ್ದರು. ಆದುದರಿಂದಲೇ ಬರೆಯುವವನು ಕ್ಯಾಮೆರಾ, ಸಂಕಲನ, ಧ್ವನಿ, ನಟನೆ ಎಲ್ಲವನ್ನೂ ಅರಿತಿರಬೇಕು. ಸೊಗಸಾದ ವಾಕ್ಯವನ್ನು ಕಟ್ಟಿ ತೃಪ್ತನಾಗತಕ್ಕದ್ದಲ್ಲ. ಸಿನಿಮಾಕ್ಕೆ ತನ್ನದೇ ಒಂದು ಭಾಷೆಯಿದೆ, ಅದನ್ನು ನೋಡುಗರೂ ಕಲಿತಿದ್ದಾರೆ ಎಂಬುದನ್ನು ಅವರು ಒಂದು ಪುಸ್ತಕದಲ್ಲಿ ವಿವರಿಸಿದ್ದಾರೆ. ಒಬ್ಬಾತ ಕಿಟಕಿಯಿಂದ ಹೊರಗೆ ನೋಡುತ್ತಾನೆ; ಮರುಕ್ಷಣ ಬೀದಿಯಲ್ಲಿ ನಡೆಯುವ ಹೆಂಗಸೊಬ್ಬಳು ಕಾಣುತ್ತಾಳೆ. ಆತ ನೋಡುತ್ತಿರುವುದು ಆಕೆಯನ್ನೇ ಎಂದು ನಮಗೆ ಯಾರೂ ಹೇಳಬೇಕಾಗಿಲ್ಲ. ಆದರೆ ಬುನ್ಯುಯೆಲ್ಲರ ಬಾಲ್ಯದಲ್ಲಿ ಸ್ಪೇನಿನ ಚಿತ್ರಮಂದಿರಗಳಲ್ಲಿ ತೆರೆಯ ಪಕ್ಕದಲ್ಲಿ ಕೋಲು ಹಿಡಿದು ನಿಂತು ಇದನ್ನೆಲ್ಲ ಬಿಡಿಸಿ ಹೇಳುವ ವಿವರಣೆಗಾರನೊಬ್ಬ ಇರುತ್ತಿದ್ದನಂತೆ.

ಇಲ್ಲಿ ಇತಿಹಾಸದ ವಿದ್ಯಾರ್ಥಿಗಳನ್ನು ಕಾಡಬೇಕಾದ ಒಂದು ಪ್ರಸಂಗವಿದೆ. 16ನೆಯ ಶತಮಾನದಲ್ಲಿ ಫ್ರಾನ್ಸಿನ ಆರ್ತಿಗಾ ಎಂಬ ಹಳ್ಳಿಯಿಂದ ಮಾರ್ತೆಂ ಗೇರ್ ಎಂಬ ರೈತ ಹೆಂಡತಿ ಮಗುವನ್ನು ತೊರೆದು ಹೋದ. ವರ್ಷಗಳ ಮೇಲೆ ಒಬ್ಬ ಬಂದು ತಾನೇ ಮಾರ್ತೆಂ ಎಂದ. ಹೆಂಡತಿ ಒಪ್ಪಿದಳು, ಊರೂ ಒಪ್ಪಿತು. ಆಸ್ತಿಯ ಜಗಳ ನ್ಯಾಯಾಲಯಕ್ಕೆ ಏರಿ, 1560ರಲ್ಲಿ ತೀರ್ಪು ಇನ್ನೇನು ಈತನ ಪರವಾಗಬೇಕೆನ್ನುವಷ್ಟರಲ್ಲಿ ಮರಗಾಲಿನ ಮೇಲೆ ಕುಂಟುತ್ತ ನಿಜವಾದ ಮಾರ್ತೆಂ ಬಂದು ನಿಂತ. ವೇಷಧಾರಿಗೆ ಗಲ್ಲಾಯಿತು. ಈ ಕಥಾನಕದ ಮೇಲೆ ನಿರ್ದೇಶಕ ದಾನಿಯೆಲ್ ವೀಞ್ ಅವರೊಡನೆ ಕಾರಿಯೇರ್ ಬರೆದ ಚಿತ್ರ 1982ರಲ್ಲಿ ತೆರೆಕಂಡಿತು. ಅದಕ್ಕೆ ಸಲಹೆಗಾರರಾಗಿದ್ದವರು ಅಮೆರಿಕದ ಇತಿಹಾಸಕಾರ್ತಿ ನಟಾಲಿ ಜೆಮನ್ ಡೇವಿಸ್. ಚಿತ್ರವನ್ನು ಮೆಚ್ಚಿಕೊಂಡರೂ ಅವರ ಮನಸ್ಸಿಗೆ ಸಮಾಧಾನವಾಗಲಿಲ್ಲ. ದಾಖಲೆಗಳು ಸಾಲದಿರುವಲ್ಲಿ ಇತಿಹಾಸಕಾರರು ‘ಬಹುಶಃ’ ‘ಇದ್ದಿರಬಹುದು’ ಎನ್ನುತ್ತಾರೆ. ತೆರೆಯ ಮೇಲೆ ‘ಬಹುಶಃ’ ಎಂಬುದಕ್ಕೆ ಎಡೆಯಿಲ್ಲ, ಅಲ್ಲಿ ಆದದ್ದು ಆಯಿತು. ಚಿತ್ರ ಬಿಟ್ಟುಬಿಟ್ಟ ಸಂಗತಿಗಳನ್ನೂ ಸಂದೇಹಗಳನ್ನೂ ಸೇರಿಸಿ ಅವರು 1983ರಲ್ಲಿ ಅದೇ ಹೆಸರಿನ ಗ್ರಂಥವನ್ನು ಬರೆದರು. ಇಂದು ಆ ಗ್ರಂಥ ಜಗತ್ತಿನ ವಿಶ್ವವಿದ್ಯಾಲಯಗಳಲ್ಲಿ ಪಠ್ಯ. ಚಿತ್ರಕಥೆಯ ಮಿತಿಯೇ ಒಂದು ಶ್ರೇಷ್ಠ ಇತಿಹಾಸಗ್ರಂಥಕ್ಕೆ ಕಾರಣವಾಯಿತೆಂದರೆ ತಪ್ಪಾಗಲಾರದು.

ಇನ್ನು ಮಹಾಭಾರತದ ವಿಷಯ. 1970ರ ದಶಕದ ಮಧ್ಯದಲ್ಲಿ ಕಾರಿಯೇರ್ ಮತ್ತು ಆಂಗ್ಲ ನಾಟಕ ನಿರ್ದೇಶಕ ಪೀಟರ್ ಬ್ರೂಕ್, ಪ್ಯಾರಿಸ್ಸಿನಲ್ಲಿ ಫಿಲಿಪ್ ಲಾವಾಸ್ತೀನ್ ಎಂಬ ಸಂಸ್ಕೃತ ವಿದ್ವಾಂಸರ ಮನೆಗೆ ಹೋದರು. ಯುದ್ಧರಂಗದಲ್ಲಿ ಅರ್ಜುನ ಬಿಲ್ಲನ್ನೇಕೆ ಕೆಳಗಿಟ್ಟ ಎಂಬುದು ಅವರ ಪ್ರಶ್ನೆ. ಉತ್ತರಿಸಬೇಕಾದರೆ ಅರ್ಜುನ ಯಾರೆಂದು ಹೇಳಬೇಕು, ಕೃಷ್ಣ ಯಾರೆಂದು ಹೇಳಬೇಕು, ಪಾಂಡವರು ಹುಟ್ಟಿದ ಬಗೆ ಹೇಳಬೇಕು! ಹಲವು ತಿಂಗಳು, ಸಂಜೆಗಳ ಮೇಲೆ ಸಂಜೆಗಳು ಆ ಕಥೆ ನಡೆಯಿತು. ಅವರು ಭಾರತವನ್ನು ಓದುವ ಮೊದಲು ಕಿವಿಯಿಂದ ಕೇಳಿದರು. ಗಮಕದ ನಾಡಿನವರಾದ ನಮಗೆ ಇದು ಅರ್ಥವಾಗುವ ಕ್ರಮ.

ಲಕ್ಷ ಶ್ಲೋಕಗಳು ಒಂಬತ್ತು ಗಂಟೆಯ ನಾಟಕವಾಗಲು ಹತ್ತು ವರ್ಷ ಹಿಡಿಯಿತು. ಭಾರತದಲ್ಲಿ ಮತ್ತೆ ಮತ್ತೆ ಸಂಚರಿಸಿದರು, ಬರೆದು ಹರಿದು ಮತ್ತೆ ಬರೆದರು. ‘ಧರ್ಮ’ ಎಂಬ ಮಾತಿಗೆ ಸಮನಾದ ಪದವಿಲ್ಲವೆಂದು ಅದನ್ನು ಹಾಗೆಯೇ ಉಳಿಸಿಕೊಂಡರು. 1985ರ ಜುಲೈನಲ್ಲಿ ಅವಿನ್ಯೋಂ ಉತ್ಸವದ ಅಂಗವಾಗಿ ಬುಲ್ಬೋಂ ಬಳಿಯ ಕಲ್ಲುಗಣಿಯೊಂದರಲ್ಲಿ ಅದು ಮೊದಲು ಪ್ರದರ್ಶಿತವಾಯಿತು. ಕೆಲವು ದಿನ ಮೂರೂ ಭಾಗಗಳನ್ನು ಒಂದೇ ಇರುಳಿನಲ್ಲಿ ಆಡಿ ಸೂರ್ಯೋದಯಕ್ಕೆ ಮುಗಿಸುತ್ತಿದ್ದರಂತೆ, ನಮ್ಮ ಬಯಲಾಟದ ಹಾಗೆ. 1989ರಲ್ಲಿ ಅದು ಚಲನಚಿತ್ರವಾಯಿತು; ದ್ರೌಪದಿಯಾಗಿ ಅಭಿನಯಿಸಿದವರು ಮಲ್ಲಿಕಾ ಸಾರಾಭಾಯಿ.

ಕಾರಿಯೇರರ ಚಾತುರ್ಯ ಕಾಣುವುದು ಆರಂಭದಲ್ಲೇ. ರಂಗದ ಮೇಲೆ ಮೂವರು: ಕಥೆ ಹೇಳುವ ವ್ಯಾಸ, ಬರೆದುಕೊಳ್ಳುವ ಗಣಪತಿ, ಕೇಳುವ ಒಬ್ಬ ಹುಡುಗ. ಪರದೇಶದ ಪ್ರೇಕ್ಷಕನಿಗೆ ಏಳುವ ಪ್ರಶ್ನೆಗಳನ್ನೆಲ್ಲ ಆ ಹುಡುಗನೇ ಕೇಳಿಬಿಡುತ್ತಾನೆ. ವಿವರಣೆ ಉಪನ್ಯಾಸವಾಗದೆ ಸಂಭಾಷಣೆಯಾಗುತ್ತದೆ. ತರಗತಿಯಲ್ಲಿ ಒಬ್ಬ ತುಂಟ ಹುಡುಗನ ಪ್ರಶ್ನೆಯಿಂದ ಇಡೀ ಪಾಠ ಜೀವಂತವಾಗುವುದನ್ನು ಬಲ್ಲ ಅಧ್ಯಾಪಕರಿಗೆ ಈ ತಂತ್ರದ ಬೆಲೆ ತಿಳಿದೀತು.

ಭಾರತದಲ್ಲಿ ಆ ನಾಟಕಕ್ಕೆ ಕಟುವಾದ ಟೀಕೆಯೂ ಬಂದಿತು. ವಿಮರ್ಶಕ ರುಸ್ತುಂ ಭರೂಚಾ ಅವರು, ಒಂದು ಸಂಸ್ಕೃತಿಯನ್ನು ಅದರ ನೆಲದಿಂದ ಕಿತ್ತು ಬಳಸಿಕೊಂಡಿದ್ದಾರೆಂದೂ ಗೀತೆಯನ್ನು ಕೆಲವೇ ನಿಮಿಷಗಳಿಗೆ ಇಳಿಸಿದ್ದಾರೆಂದೂ ಆಕ್ಷೇಪಿಸಿದರು. ಗೀತೆಯ ಕುರಿತಾದ ಆಕ್ಷೇಪದಲ್ಲಿ ಹುರುಳಿದೆಯೆಂದೇ ನನ್ನ ಭಾವನೆ. ಆದರೆ ಬಿಡುವುದು, ಆರಿಸುವುದು ನಮ್ಮವರಿಗೂ ಹೊಸದಲ್ಲ. ಪಂಪ ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯಾಗಿಸಿದ. ಕುಮಾರವ್ಯಾಸ ಗದಾಪರ್ವಕ್ಕೆ ನಿಲ್ಲಿಸಿದ. ಕೈಬಿಟ್ಟದ್ದನ್ನು ಮಾತ್ರ ಎಣಿಸದೆ, ಏತಕ್ಕಾಗಿ ಕೈಬಿಟ್ಟರೆಂದೂ ಕೇಳಬೇಕು. ಬ್ರೂಕ್-ಕಾರಿಯೇರರ ಉದ್ದೇಶ, ಈ ಕಥೆಯನ್ನು ಎಂದೂ ಕೇಳದವರಿಗೆ ಕೇಳಿಸುವುದಾಗಿತ್ತು. ಅದು ನೆರವೇರಿತು.

2014ರಲ್ಲಿ ಕಾರಿಯೇರರಿಗೆ ಗೌರವ ಆಸ್ಕರ್, 2015ರಲ್ಲಿ ಭಾರತ ಸರ್ಕಾರದ ಪದ್ಮಶ್ರೀ ಸಂದವು. ಪ್ರಶಸ್ತಿಗಳಿಗಿಂತ ನನಗೆ ಹಿರಿದೆನಿಸುವುದು ಅವರ ಕೊನೆಯ ವರ್ಷಗಳು. ಬುನ್ಯುಯೆಲ್ಲರೊಡನೆ ಕುಳಿತಾಗ ಕಿರಿಯರಾಗಿದ್ದವರು ಈಗ ಹಿರಿಯರಾಗಿ, ತಮಗಿಂತ ಐವತ್ತೆರಡು ವರ್ಷ ಚಿಕ್ಕವರಾದ ಲೂಯಿ ಗಾರೆಲ್ ಎಂಬ ನಟ-ನಿರ್ದೇಶಕರೊಡನೆ ಬರೆಯಲು ಕುಳಿತರು. ಅವರಿಬ್ಬರ ಒಂದು ಚಿತ್ರ 2018ರಲ್ಲಿ ಬಂದಿತು. ಇನ್ನೊಂದರಲ್ಲಿ, ಭೂಮಿಯನ್ನು ಉಳಿಸಲೆಂದು ಮಕ್ಕಳು ತಂದೆತಾಯಿಯರ ಬೆಲೆಬಾಳುವ ವಸ್ತುಗಳನ್ನು ಗುಟ್ಟಾಗಿ ಮಾರಿಬಿಡುತ್ತಾರೆ. ಕಾರಿಯೇರ್ 2021ರ ಫೆಬ್ರವರಿ 8ರಂದು, ತಮ್ಮ 89ನೆಯ ವಯಸ್ಸಿನಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಮಕ್ಕಳ ಆ ಚಿತ್ರವು ಕಾನ್ ಉತ್ಸವದಲ್ಲಿ ಪ್ರದರ್ಶನಗೊಂಡದ್ದು ಅದೇ ವರ್ಷದ ಜುಲೈಯಲ್ಲಿ. ಅದನ್ನು ನೋಡಿದ ಎಷ್ಟು ಮಂದಿ ಆ ಮಕ್ಕಳ ಮಾತುಗಳ ಹಿಂದೆ ಎಂಬತ್ತು ದಾಟಿದ ಮುದುಕರೊಬ್ಬರಿದ್ದರೆಂದು ಊಹಿಸಿದರೋ! ಊಹಿಸದಿದ್ದರೆ ಅವರಿಗೆ ಬೇಸರವಾಗುತ್ತಿರಲಿಲ್ಲ. ಬರಹ ಚಿತ್ರದಲ್ಲಿ ಕರಗಿಹೋಗಿದೆಯೆಂದೇ ಅವರು ತಿಳಿಯುತ್ತಿದ್ದರು.