ಪ್ಯಾರಾಶೂಟ್ ಬಿಚ್ಚುವ ಕೈ ಯಾರದು?

ವಡೋದರದ ಶ್ವೇತಾ ಪರಮಾರ್ ಎಂಬ ಹುಡುಗಿಯ ಹೆಸರನ್ನು ನೀವು ಕೇಳಿರಬಹುದು. ಸ್ಪೇನ್ ದೇಶದಲ್ಲಿ ತರಬೇತಿ ಪಡೆದು ಸ್ಕೈಡೈವಿಂಗ್ ಲೈಸೆನ್ಸ್ ಗಳಿಸಿದವಳು. ಗುಜರಾತಿನ ಮಟ್ಟಿಗೆ ಇಂಥ ಲೈಸೆನ್ಸ್ ಪಡೆದ ಮೊದಲ ಮಹಿಳೆ ಈಕೆ ಅಂತ 2022ರ ಹೊತ್ತಿಗೆ ಇಲ್ಲಿನ ಪತ್ರಿಕೆಗಳೆಲ್ಲ ಬರೆದವು. ರೇಚಲ್ ಥಾಮಸ್, ಶೀತಲ್ ಮಹಾಜನ್, ಅರ್ಚನಾ ಸರ್ದಾನಾ ಇವರ ನಂತರ ದೇಶದಲ್ಲೇ ನಾಲ್ಕನೆಯವಳು ಅಂತಲೂ ಬರೆದಿದ್ದರು. ಮೂರು ದಶಕಗಳಿಂದ ಅಹಮದಾಬಾದಿನಲ್ಲಿ ನೆಲೆಸಿರುವ ನನ್ನಂಥ ಕನ್ನಡಿಗನಿಗೂ 'ನಮ್ಮೂರ ಕಡೆಯ ಹುಡುಗಿ' ಅಂತ ಹೆಮ್ಮೆ ಅನ್ನಿಸಿತು.

ಆದರೆ ಲೈಸೆನ್ಸ್ ಅಂದರೆ ಏನು ಸ್ವಾಮಿ? ವಿಮಾನದಿಂದ ಹಾರುವುದಕ್ಕೆ ಲೈಸೆನ್ಸ್ ಬೇಕಿಲ್ಲ. ದುಡ್ಡು ಕೊಟ್ಟರೆ ಒಬ್ಬ ಅನುಭವಿ ನಿಮ್ಮನ್ನು ತನ್ನ ಎದೆಗೆ ಕಟ್ಟಿಕೊಂಡು ಹಾರುತ್ತಾನೆ, ಪ್ಯಾರಾಶೂಟ್ ಬಿಚ್ಚುವವನೂ ಅವನೇ. ಇದಕ್ಕೆ ಟ್ಯಾಂಡೆಮ್ ಜಿಗಿತ ಅನ್ನುತ್ತಾರೆ. ಲೈಸೆನ್ಸ್ ಸಿಗುವುದು ಒಬ್ಬರೇ ಹಾರಿ, ಬೀಳುತ್ತಿರುವಾಗಲೇ ತಮ್ಮ ಕೈಯಿಂದ ತಮ್ಮ ಪ್ಯಾರಾಶೂಟನ್ನು ಬಿಚ್ಚಿಕೊಳ್ಳಬಲ್ಲೆ ಅಂತ ಮತ್ತೆ ಮತ್ತೆ ತೋರಿಸಿದವರಿಗೆ. ಅಮೆರಿಕದ ಪ್ಯಾರಾಶೂಟ್ ಸಂಸ್ಥೆಯ ಮೊದಲ ದರ್ಜೆಯ ಲೈಸೆನ್ಸಿಗೆ ಕಡೇಪಕ್ಷ 25 ಜಿಗಿತ ಬೇಕು. 'ನನ್ನ ಕೈ ಸರಿಯಾದ ಹೊತ್ತಿಗೆ ಸರಿಯಾದ ಜಾಗಕ್ಕೆ ಹೋಗುತ್ತದೆ' ಅನ್ನುವ ಈ ನಂಬಿಕೆ ಸುಮ್ಮನೆ ಬಂದದ್ದಲ್ಲ. ಅದರ ಹಿಂದೆ ನೂರು ವರ್ಷಕ್ಕೂ ಮೀರಿದ ಚರಿತ್ರೆ ಇದೆ. ಅದನ್ನೇ ಇಲ್ಲಿ ಹೇಳಹೊರಟಿದ್ದೇನೆ.

ಬೆಲೂನಿನ ಕಾಲ :

1797ರ ಅಕ್ಟೋಬರ್ 22ರಂದು ಪ್ಯಾರಿಸ್ಸಿನಲ್ಲಿ ಗಾರ್ನೆರಿನ್ ಎಂಬಾತ ಬೆಲೂನಿನಿಂದ ಕೆಳಗಿಳಿದ. ಆ ಕಾಲದಲ್ಲಿ ಪ್ಯಾರಾಶೂಟನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಿರಲಿಲ್ಲ. ಬೆಲೂನಿಗೇ ಅದನ್ನು ನೇತುಹಾಕುತ್ತಿದ್ದರು. ಕಟ್ಟು ಕತ್ತರಿಸಿದರೆ ಅಥವಾ ಭಾರಕ್ಕೆ ದಾರ ಕಿತ್ತರೆ, ಬೀಳುವ ರಭಸಕ್ಕೆ ಬಟ್ಟೆ ತಾನೇ ಅರಳಿಕೊಳ್ಳಬೇಕು. ಅರಳದಿದ್ದರೆ ದೇವರೇ ಗತಿ!

ಭಾರತಕ್ಕೆ ಈ ವಿದ್ಯೆಯನ್ನು ತಂದವನು ಪರ್ಸಿವಲ್ ಸ್ಪೆನ್ಸರ್ ಎಂಬ ಇಂಗ್ಲಿಷಿನವ. 1889ರಲ್ಲಿ ಅವನು ಮುಂಬಯಿಯಲ್ಲೂ ಕಲ್ಕತ್ತದಲ್ಲೂ ಜಿಗಿದ. ಅವನ ಹತ್ತಿರ ಕಲಿತ ರಾಮಚಂದ್ರ ಚಟರ್ಜಿ ಎಂಬ ಬಂಗಾಳಿ 1890ರಲ್ಲಿ ತಾನೂ ಪ್ಯಾರಾಶೂಟಿನಲ್ಲಿ ಇಳಿದು, ಹಾಗೆ ಇಳಿದ ಮೊದಲ ಭಾರತೀಯನೆನಿಸಿದ. ಈತ ಸರ್ಕಸ್ಸಿನಲ್ಲಿ ಕಸರತ್ತು ಮಾಡುತ್ತಿದ್ದ ಆಳು. ಎದೆಗಾರಿಕೆಗೆ ಇವರಲ್ಲಿ ಯಾರಿಗೂ ಕೊರತೆ ಇರಲಿಲ್ಲ. ಆದರೆ ಪ್ಯಾರಾಶೂಟ್ ಬಿಚ್ಚುವ ಕೆಲಸ ಮಾತ್ರ ಅವರ ಕೈಯಲ್ಲಿರಲಿಲ್ಲ ನೋಡಿ.

'ಬೀಳುವವನಿಗೆ ಪ್ರಜ್ಞೆ ತಪ್ಪುತ್ತದೆ' :

ವಿಮಾನಗಳು ಬಂದಮೇಲೂ ಕಥೆ ಬೇಗ ಬದಲಾಗಲಿಲ್ಲ. ಪ್ಯಾರಾಶೂಟಿನಿಂದ ವಿಮಾನಕ್ಕೆ ಒಂದು ಹಗ್ಗ ಕಟ್ಟುವುದು, ಮನುಷ್ಯ ಬಿದ್ದ ಕೂಡಲೆ ಹಗ್ಗ ಬಿಗಿದು ಪ್ಯಾರಾಶೂಟನ್ನು ಎಳೆದು ಬಿಚ್ಚುವುದು, ಇದೇ ಪದ್ಧತಿ. ಇದಕ್ಕೆ 'ಸ್ಟ್ಯಾಟಿಕ್ ಲೈನ್' ಅಂತ ಹೆಸರು. ಬೀಳುತ್ತಿರುವ ಮನುಷ್ಯನಿಗೆ ಪ್ರಜ್ಞೆ ತಪ್ಪುತ್ತದೆ, ಕೈಕಾಲು ಆಡುವುದಿಲ್ಲ, ಅವನಿಂದ ಏನನ್ನೂ ಎಳೆಯಲಾಗುವುದಿಲ್ಲ ಅಂತ ದೊಡ್ಡ ದೊಡ್ಡವರೇ ನಂಬಿದ್ದರು.

ಈ ನಂಬಿಕೆಗೆ ಮೊದಲ ಪೆಟ್ಟು ಕೊಟ್ಟವಳು ಒಬ್ಬ ಪುಟ್ಟ ಹೆಂಗಸು. ಅವಳ ಹೆಸರೇ ಟೈನಿ ಬ್ರಾಡ್‌ವಿಕ್! 1914ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಸೈನ್ಯದವರಿಗೆ ಪ್ರದರ್ಶನ ಕೊಡುತ್ತಿದ್ದಾಗ ಅವಳ ಹಗ್ಗ ವಿಮಾನಕ್ಕೆ ಸಿಕ್ಕಿಕೊಂಡಿತು. ಮುಂದಿನ ಜಿಗಿತಕ್ಕೆ ಅವಳು ಹಗ್ಗವನ್ನು ಮೋಟಾಗಿ ಕತ್ತರಿಸಿಬಿಟ್ಟಳು. ಹಾರಿದ ಮೇಲೆ ಉಳಿದ ತುಂಡನ್ನು ತಾನೇ ಎಳೆದು ಪ್ಯಾರಾಶೂಟ್ ಬಿಚ್ಚಿ, ಕ್ಷೇಮವಾಗಿ ಇಳಿದಳು.

1919ರ ಏಪ್ರಿಲ್ 28ರಂದು ಲೆಸ್ಲಿ ಅರ್ವಿನ್ ಎಂಬಾತ ಓಹಾಯೋದಲ್ಲಿ ಬೆನ್ನಿಗೆ ಕಟ್ಟಿದ ಪ್ಯಾರಾಶೂಟಿನೊಂದಿಗೆ ಹಾರಿ, ಬೇಕೆಂದೇ ಸ್ವಲ್ಪ ದೂರ ಬಿದ್ದು, ಆಮೇಲೆ ರಿಪ್‌ಕಾರ್ಡ್ ಎಳೆದ. ಇಳಿಯುವಾಗ ಹಿಮ್ಮಡಿಯ ಗಂಟು ಮುರಿಯಿತು. ಆದರೆ ಪ್ರಜ್ಞೆ ತಪ್ಪಲಿಲ್ಲ! ಬೀಳುವ ಮನುಷ್ಯ ಯೋಚಿಸಬಲ್ಲ, ಕೈ ಆಡಿಸಬಲ್ಲ ಎನ್ನುವುದು ಅಂದಿಗೆ ರುಜುವಾತಾಯಿತು.

ಆದರೆ 'ಆಗುತ್ತದೆ' ಎನ್ನುವುದು ಬೇರೆ, 'ಅಭ್ಯಾಸವಾಗಿದೆ' ಎನ್ನುವುದು ಬೇರೆ. 1922ರ ಅಕ್ಟೋಬರ್ 20ರಂದು ಹೆರಾಲ್ಡ್ ಹ್ಯಾರಿಸ್ ಎಂಬ ಸೈನ್ಯದ ಪೈಲಟ್ ಆಕಾಶದಲ್ಲೇ ಮುರಿಯತೊಡಗಿದ ವಿಮಾನದಿಂದ ಜಿಗಿದ. ರಿಪ್‌ಕಾರ್ಡ್ ಎಂದುಕೊಂಡು ಅವನು ಎಳೆದದ್ದು ಕಾಲಿನ ಪಟ್ಟಿಯ ಕೊಂಡಿಯನ್ನು. ಒಂದಲ್ಲ, ಮೂರು ಸಲ! ನೆಲಕ್ಕೆ ಸುಮಾರು 500 ಅಡಿ ಇರುವಾಗ ಸರಿಯಾದ ಹಿಡಿ ಕೈಗೆ ಸಿಕ್ಕಿ ಬದುಕಿಕೊಂಡ. ಧೈರ್ಯವಿತ್ತು, ಪ್ರಜ್ಞೆಯೂ ಇತ್ತು. ಕೈಗೆ ಮಾತ್ರ ದಾರಿ ಗೊತ್ತಿರಲಿಲ್ಲ. ಇಂದು ಹೊಸ ವಿದ್ಯಾರ್ಥಿಗೆ ಕಲಿಸುವುದೆಲ್ಲ ಈ ಒಂದು ಸಂಗತಿಯ ಸುತ್ತಲೇ ಇದೆ.

ನಮ್ಮ ದೇಶದಲ್ಲಿ :

ಭಾರತದಲ್ಲಿ ಪ್ಯಾರಾಶೂಟ್ ಅಂದರೆ ಬಹುಕಾಲ ಸೈನ್ಯವೇ. 1941ರಲ್ಲಿ 50ನೇ ಪ್ಯಾರಾಶೂಟ್ ಬ್ರಿಗೇಡ್ ಹುಟ್ಟಿತು. ಮೊದಲು ಜಿಗಿದ ಭಾರತೀಯ ಸೈನಿಕರಲ್ಲಿ ಒಬ್ಬರು ವೈದ್ಯಾಧಿಕಾರಿ ಎ. ಜಿ. ರಂಗರಾಜ್. ಇವರೇ ಮುಂದೆ ಕೊರಿಯಾ ಯುದ್ಧದಲ್ಲಿ 60ನೇ ಪ್ಯಾರಾ ಫೀಲ್ಡ್ ಆಂಬುಲೆನ್ಸಿನ ಮುಖ್ಯಸ್ಥರಾಗಿ ಹೆಸರು ಮಾಡಿದವರು. ತರಬೇತಿ ಶಾಲೆ ಚಕ್ಲಾಲಾದಲ್ಲಿತ್ತು. ದೇಶ ವಿಭಜನೆಯಾದಾಗ ಆ ಊರು ಪಾಕಿಸ್ತಾನಕ್ಕೆ ಹೋಯಿತು, ನಮ್ಮ ಶಾಲೆ ಆಗ್ರಾಕ್ಕೆ ಬಂತು. 1959ರ ಜುಲೈ 17ರಂದು ವಾಯುಪಡೆಯ ವೈದ್ಯೆ ಗೀತಾ ಚಂದ ಜಿಗಿದು ಮೊದಲ ಭಾರತೀಯ ಮಹಿಳಾ ಪ್ಯಾರಾಟ್ರೂಪರ್ ಎನಿಸಿದರು. ಅಹಮದಾಬಾದಿನ ಕಾಲೇಜು ಹುಡುಗರಿಗಾಗಲಿ ನಮ್ಮ ಹುಬ್ಬಳ್ಳಿಯ ಹುಡುಗರಿಗಾಗಲಿ ಎನ್‌ಸಿಸಿ ಮೂಲಕ ಆಗ್ರಾಕ್ಕೆ ಹೋಗುವುದೊಂದೇ ಹೆಚ್ಚುಕಡಿಮೆ ಇದ್ದ ದಾರಿ.

ಅಲ್ಲಿಯ ಮೊದಲ ಕೋರ್ಸಿನಲ್ಲಿ ಸ್ಟ್ಯಾಟಿಕ್ ಲೈನ್ ಜಿಗಿತಗಳೇ. ಅದಕ್ಕೆ ಕಾರಣವೂ ಇದೆ. ಯುದ್ಧದಲ್ಲಿ ನೂರಾರು ಜನ ಕಡಿಮೆ ಎತ್ತರದಿಂದ ಸಾಲಾಗಿ ಜಿಗಿಯಬೇಕು, ಅಲ್ಲಿ ಒಬ್ಬೊಬ್ಬರ ಕೈಯನ್ನು ನಂಬಿ ಕೂರಲಾಗದು. ಆದರೆ ಸ್ಕೈಡೈವಿಂಗ್ ಕಲಿಯುವವನಿಗೆ ಅದು ಬರೀ ಮೊದಲ ಮೆಟ್ಟಿಲು.

ಪತಂಗದಿಂದ ಬಂದ ಪ್ಯಾರಾಶೂಟ್ :

ಇಲ್ಲೊಂದು ಸ್ವಾರಸ್ಯ. ಜನವರಿ 14ರ ಉತ್ತರಾಯಣಕ್ಕೆ ಅಹಮದಾಬಾದಿನ ಮಾಳಿಗೆಗಳ ಮೇಲೆಲ್ಲ 'ಕಾಯ್ಪೋ ಛೆ' ಎಂಬ ಕೂಗು. ಸೂರತ್ತಿನ ಮಾಂಜಾ ದಾರಕ್ಕೆ ಊರೂರುಗಳಲ್ಲಿ ಬೇಡಿಕೆ. ಇಂದು ವಿದ್ಯಾರ್ಥಿಗಳ ಬೆನ್ನ ಮೇಲಿರುವ ಚೌಕಾಕಾರದ ಪ್ಯಾರಾಶೂಟ್ ಕೂಡ ಗಾಳಿಪಟದ ಮನೆತನದ್ದೇ! 1964ರಲ್ಲಿ ಅಮೆರಿಕದ ಗಾಳಿಪಟ ತಯಾರಕ ಡೊಮಿನಾ ಜಾಲ್ಬರ್ಟ್, ಎದುರುಗಾಳಿ ಒಳಗೆ ನುಗ್ಗಿ ಉಬ್ಬುವ ಬಟ್ಟೆಯ ರೆಕ್ಕೆಯೊಂದನ್ನು ರೂಪಿಸಿದ. ಅದೇ ಮುಂದೆ ಪ್ಯಾರಾಶೂಟಾಯಿತು. ಹಳೆಯ ಗುಂಡು ಪ್ಯಾರಾಶೂಟ್ ಹೆಚ್ಚುಕಡಿಮೆ ಗಾಳಿ ಒಯ್ದ ಕಡೆ ಹೋಗುತ್ತದೆ, ಇದನ್ನು ಬೇಕಾದ ಕಡೆ ತಿರುಗಿಸಬಹುದು.

ಬಟ್ಟೆಯ ಕಥೆಯಲ್ಲಿ ನಮ್ಮ ಕನ್ನಡನಾಡೂ ಇದೆ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ರೇಷ್ಮೆ ಬರುವುದು ನಿಂತಾಗ ಮೈಸೂರು ಸಂಸ್ಥಾನದ ರೇಷ್ಮೆಗೆ ಪ್ಯಾರಾಶೂಟ್ ಬಟ್ಟೆಗಾಗಿ ಬೇಡಿಕೆ ಬಂತು. 1942ರ ಜೂನ್ 6ರಂದು ಆಡಲೀನ್ ಗ್ರೇ ಎಂಬಾಕೆ ನೈಲಾನ್ ಪ್ಯಾರಾಶೂಟಿನಲ್ಲಿ ಜಿಗಿದು ತೋರಿಸಿದ ಮೇಲೆ ರೇಷ್ಮೆಯ ಕಾಲ ಮುಗಿಯುತ್ತ ಬಂತು. ಸೂರತ್ತಿನ ಮಾರ್ಕೆಟ್ಟುಗಳಲ್ಲಿ ಇಂದು ರಾಶಿ ಬೀಳುವುದೂ ಕೃತಕ ನೂಲಿನ ಬಟ್ಟೆಯೇ. ಸೈನ್ಯದ ಪ್ಯಾರಾಶೂಟ್ ಮಾತ್ರ 1941ರಿಂದ ಕಾನ್ಪುರದ ಕಾರ್ಖಾನೆಯಲ್ಲಿ ಹೊಲಿಯಲಾಗುತ್ತಿದೆ.

ಕೈಗೆ ಪಾಠ :

ಈಗ ವಿದ್ಯಾರ್ಥಿಯ ವಿಷಯಕ್ಕೆ ಬರೋಣ. ಹಳೆಯ ಕ್ರಮದಲ್ಲಿ ಮೊದಲ ಕೆಲವು ಜಿಗಿತಗಳಲ್ಲಿ ಹಗ್ಗವೇ ಪ್ಯಾರಾಶೂಟ್ ಬಿಚ್ಚುತ್ತದೆ. ಆಮೇಲೆ ವಿದ್ಯಾರ್ಥಿಗೆ ಒಂದು ಸುಳ್ಳು ಹಿಡಿ ಕೊಡುತ್ತಾರೆ. ಹಾರಿದ ಕೂಡಲೆ ಬೆನ್ನು ಬಾಗಿಸಿ, ನೋಡಿ, ಕೈ ಚಾಚಿ, ಅದನ್ನು ಎಳೆಯಬೇಕು. ಬಿಚ್ಚುವುದು ಈಗಲೂ ಹಗ್ಗವೇ, ಆದರೆ ವಿಮಾನದ ಬಾಗಿಲಲ್ಲಿ ಕೂತ ಗುರು ನೋಡುತ್ತಿರುತ್ತಾನೆ. ಹೀಗೆ ಸತತ ಮೂರು ಸಲ ಸರಿಯಾಗಿ ಎಳೆದರೆ ಮಾತ್ರ ನಿಜವಾದ ಹಿಡಿ. ನಿಜವಾದ ಮೊದಲ ಎಳೆತಕ್ಕೆ ಮುನ್ನ ಅದೇ ದಿನ ಇನ್ನೊಮ್ಮೆ ಸುಳ್ಳು ಹಿಡಿಯನ್ನು ಎಳೆದಿರಬೇಕು. ಕೈಗೆ ನೆನಪು ಹಸಿಯಾಗಿರಲಿ ಅಂತ!

1980ರ ದಶಕದ ಮೊದಲಲ್ಲಿ ಬಂದ ಹೊಸ ಕ್ರಮದಲ್ಲಿ ಮೊದಲ ಜಿಗಿತಕ್ಕೇ ಹತ್ತು ಸಾವಿರ ಅಡಿಗೂ ಮೇಲಿನಿಂದ ಹಾರಿಸುತ್ತಾರೆ. ಎರಡೂ ಪಕ್ಕದಲ್ಲಿ ಒಬ್ಬೊಬ್ಬ ಗುರು ಹಿಡಿದುಕೊಂಡೇ ಬೀಳುತ್ತಾರೆ. ಗಂಟೆಗೆ 190 ಕಿಲೋಮೀಟರ್ ವೇಗದಲ್ಲಿ ಬೀಳುತ್ತಲೇ ವಿದ್ಯಾರ್ಥಿ ಮೂರು ಸಲ ಸೊಂಟದ ಹಿಂದಿನ ಹಿಡಿಯನ್ನು ಮುಟ್ಟಿ ಬಿಡಬೇಕು. ಎಳೆಯುವಂತಿಲ್ಲ, ಬರೀ ಮುಟ್ಟುವುದು. ಸುಮಾರು 5500 ಅಡಿಗೆ ಬಂದಾಗ ತಾನೇ ಎಳೆಯಬೇಕು. ಅಲ್ಲಿ ಯಾರೂ ಏನೂ ಮಾಡದಿದ್ದರೆ ನೆಲಕ್ಕೆ ಉಳಿಯುವುದು ಅರ್ಧ ನಿಮಿಷ ಅಷ್ಟೆ. ಅವನ ಕೈ ತಡವಾದರೆ ಗುರು ಎಳೆಯುತ್ತಾನೆ. ಗುರುವೂ ತಪ್ಪಿದರೆ 1991ರಲ್ಲಿ ಬಂದ 'ಸೈಪ್ರೆಸ್'ನಂಥ ಪುಟ್ಟ ಯಂತ್ರ, ನೆಲ ತೀರ ಹತ್ತಿರವಾದಾಗ ಮೀಸಲು ಪ್ಯಾರಾಶೂಟನ್ನು ತಾನೇ ಬಿಚ್ಚುತ್ತದೆ.

ಆದರೆ ಆ ಯಂತ್ರವನ್ನು ನಂಬಿಕೊಂಡು ಕೂರಬೇಡ ಅಂತಲೇ ಮೊದಲ ದಿನ ಹೇಳಿಕೊಡುತ್ತಾರೆ. ಕೆಲಸ ನಿನ್ನದು, ಯಂತ್ರ ಇರುವುದು ನಿನ್ನ ಕೈ ಸೋತಾಗ. ನೆಲದ ಮೇಲೆ ಪಟ್ಟಿಗಳಲ್ಲಿ ನೇತುಹಾಕಿ ಅದೇ ಚಲನೆಗಳನ್ನು ಬೇಸರ ಬರುವಷ್ಟು ಮಾಡಿಸುವುದೂ ಇದಕ್ಕೇ. ಮುಖ್ಯ ಪ್ಯಾರಾಶೂಟ್ ಸರಿಯಾಗಿ ಅರಳದಿದ್ದರೆ ಬಲಗಡೆಯ ಹಿಡಿಯಿಂದ ಅದನ್ನು ಕಳಚು, ಎಡಗಡೆಯದರಿಂದ ಮೀಸಲು ಬಿಚ್ಚು. ಹೀಗೆ ಬಾಯಿಪಾಠದಂತೆ ಕೈಪಾಠ!

ಗುಜರಾತಿನವರು ಎಲ್ಲಿ ಕಲಿಯಬೇಕು?

ಅಹಮದಾಬಾದಿನಿಂದ ಉತ್ತರಕ್ಕೆ ಸುಮಾರು 150 ಕಿಲೋಮೀಟರ್ ದೂರದ ಡೀಸಾದಲ್ಲಿ ಹಳೆಯ ಏರ್‌ಸ್ಟ್ರಿಪ್ ಒಂದಿತ್ತು. 2010ರ ದಶಕದಲ್ಲಿ ಅಲ್ಲಿ ಸ್ಕೈಡೈವಿಂಗ್ ನಡೆಯಿತು. 2022ರ ಅಕ್ಟೋಬರಿನಲ್ಲಿ ಅಲ್ಲಿ ವಾಯುಪಡೆಯ ನೆಲೆಗೆ ಶಿಲಾನ್ಯಾಸವಾಯಿತು. ಅದೇ ದಶಕದಲ್ಲಿ ನಮ್ಮ ಮೈಸೂರಿನಲ್ಲೂ ಚಾಮುಂಡಿ ಬೆಟ್ಟದ ಸೀಮೆಯಲ್ಲಿ ಶಿಬಿರಗಳು ನಡೆದವು. ಆದರೆ ಶಿಬಿರದಲ್ಲಿ ಒಂದೆರಡು ಸಲ ಹಾರಿ ಫೋಟೋ ತೆಗೆಸಿಕೊಂಡು ಬರುವುದಕ್ಕೂ, ದಿನವೂ ಹಾರಿ ಹಾರಿ ಕೈಯನ್ನು ಪಳಗಿಸುವುದಕ್ಕೂ ಬಹಳ ಅಂತರ. 25 ಜಿಗಿತಕ್ಕೆ ವಿಮಾನ ಬೇಕು, ಗುರು ಬೇಕು, ಒಳ್ಳೆಯ ಹವೆ ಬೇಕು, ಇವೆಲ್ಲ ಒಂದೇ ಕಡೆ ವಾರಗಟ್ಟಲೆ ಸಿಗಬೇಕು. ವಡೋದರದ ಹುಡುಗಿ ಸ್ಪೇನಿಗೆ ಹೋದದ್ದು ಬರೀ ಶೋಕಿಗಲ್ಲ ಅಂತ ಈಗ ಅರ್ಥವಾಗುತ್ತದೆ, ಅಲ್ಲವೆ?

ಇಂಥ ಸುದ್ದಿ ಬಂದಾಗಲೆಲ್ಲ ನಾವು 'ಎಂಥ ಗಂಡೆದೆ!' ಅಂತ ಬಾಯಿತುಂಬ ಹೊಗಳಿ ಸುಮ್ಮನಾಗುತ್ತೇವೆ. ಗಂಡೆದೆ ಬೆಲೂನಿನ ಕಾಲದಲ್ಲೂ ಇತ್ತು. ಆಗ ಇಲ್ಲದೆ ಈಗ ಬಂದಿರುವುದು, ಹೆದರಿಕೆ ಇದ್ದಾಗಲೂ ಕೈ ತನ್ನ ಕೆಲಸ ಮಾಡುವಂತೆ ಕಲಿಸುವ ಕ್ರಮ. ಮೂರು ಸಲ ಸುಳ್ಳು ಹಿಡಿ ಎಳೆದು ನಾಲ್ಕನೆಯ ಸಲ ನಿಜವಾದದ್ದನ್ನು ಎಳೆಯುವ ಆ ಕ್ರಮ ನಮ್ಮ ಮಕ್ಕಳಿಗೆ ಊರ ಹತ್ತಿರವೇ, ಅಹಮದಾಬಾದ್ ವಡೋದರಗಳ ನಡುವೆ ಎಲ್ಲಾದರೂ ಸಿಗುವಂತಾದರೆ, ಶ್ವೇತಾ ಪರಮಾರಳ ಹಿಂದೆ ಬರುವವರ ಪಟ್ಟಿ ಬೇಗ ಉದ್ದವಾದೀತು.