ಸೆರಾಮಿಕ್ ಸ್ಮೋಕರ್: ತೇವ ಕಾಯುವುದು ನೀರಲ್ಲ, ಗಾಳಿಯ ಹದ

ಅಮೆರಿಕದ ಮನೆಗಳ ಹಿತ್ತಿಲಲ್ಲಿ ಕಾಣಸಿಗುವ, ಮೊಟ್ಟೆಯಾಕಾರದ ದಪ್ಪ ಗೋಡೆಯ ಇದ್ದಿಲು ಒಲೆಯೇ ಸೆರಾಮಿಕ್ ಸ್ಮೋಕರ್. ಇದರ ಮೂಲ ಜಪಾನಿನ ಕಮಾಡೊ. ಜಪಾನಿ ಭಾಷೆಯಲ್ಲಿ ಆ ಪದಕ್ಕೆ ಒಲೆ ಎಂದೇ ಅರ್ಥ. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಸೈನಿಕರು ಇದನ್ನು ಸ್ವದೇಶಕ್ಕೆ ಕೊಂಡೊಯ್ದರು. 1974ರಲ್ಲಿ ಅಟ್ಲಾಂಟಾದಲ್ಲಿ ಆರಂಭವಾದ ಬಿಗ್ ಗ್ರೀನ್ ಎಗ್ ಸಂಸ್ಥೆಯಿಂದ ಇದು ಜನಪ್ರಿಯವಾಯಿತು.

ಹಂದಿಯ ಭುಜ, ದನದ ಎದೆಭಾಗದಂತಹ ಗಟ್ಟಿ ಮಾಂಸವನ್ನು ಇದರಲ್ಲಿ ಸುಮಾರು 110ರಿಂದ 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹತ್ತು ಗಂಟೆಗೂ ಹೆಚ್ಚು ಕಾಲ ಬೇಯಿಸಲಾಗುತ್ತದೆ. ಮಾಂಸದ ನಾರಿನಲ್ಲಿರುವ ಕೊಲಾಜೆನ್ ನಿಧಾನವಾಗಿ ಕರಗಿ ಜೆಲಾಟಿನ್ ಆಗಲು ಇಷ್ಟು ಕಾಲ ಬೇಕು. ಅಷ್ಟರೊಳಗೆ ಮಾಂಸ ಒಣಗದಂತೆ ಕಾಯುವುದೇ ಇಲ್ಲಿನ ಸವಾಲು.

<b>ಗಾಳಿಯ ನಿಯಂತ್ರಣ</b>

ಕೆಳಗಿನ ಕಂಡಿಯಿಂದ ಗಾಳಿ ಒಳಬರುತ್ತದೆ, ಮೇಲಿನ ಕಂಡಿಯಿಂದ ಹೊಗೆ ಹೊರಹೋಗುತ್ತದೆ. ದಪ್ಪ ಗೋಡೆ ಶಾಖವನ್ನು ಹಿಡಿದಿಡುವುದರಿಂದ ಸಣ್ಣ ಕೆಂಡ ಸಾಕು; ಸಣ್ಣ ಕೆಂಡಕ್ಕೆ ಅಲ್ಪ ಗಾಳಿ ಸಾಕು. ಗಾಳಿಯ ಹರಿವು ಕಡಿಮೆಯಾದಷ್ಟೂ ಅದು ಹೊತ್ತೊಯ್ಯುವ ತೇವವೂ ಕಡಿಮೆ. ಆದ್ದರಿಂದಲೇ ತೆಳು ಲೋಹದ ಒಲೆಯಲ್ಲಿ ಇಡುವಂತೆ ಇದರೊಳಗೆ ನೀರಿನ ತಟ್ಟೆ ಇಡುವುದು ಸಾಮಾನ್ಯವಾಗಿ ಅನಗತ್ಯ. ನೀರನ್ನು ಆವಿಯಾಗಿಸಲು ಹೆಚ್ಚು ಶಾಖ, ಅದಕ್ಕಾಗಿ ಹೆಚ್ಚು ಗಾಳಿ ಬೇಕಾಗುತ್ತದೆ.

ಒಮ್ಮೆ ಮಿತಿಮೀರಿ ಕಾದ ಸೆರಾಮಿಕ್ ಬೇಗ ತಣಿಯದು. ಹೀಗಾಗಿ ಬೇಕಾದ ಶಾಖ ಮುಟ್ಟುವ ಮೊದಲೇ ಕಂಡಿಗಳನ್ನು ಕಿರಿದುಗೊಳಿಸಬೇಕು. ಪ್ರತಿ ಬದಲಾವಣೆಯ ಬಳಿಕ 15ರಿಂದ 20 ನಿಮಿಷ ಕಾಯಬೇಕು. ದಟ್ಟ ಬಿಳಿ ಹೊಗೆ ಮಾಂಸಕ್ಕೆ ಕಹಿ ತರುತ್ತದೆ. ಹೊಗೆ ತೆಳುವಾದ ಮೇಲೆಯೇ ಮಾಂಸ ಇಡುವುದು ಉತ್ತಮ.

<b>ಶಾಖ ಏರದೆ ನಿಂತಾಗ</b>

ಮಾಂಸದ ಒಳಶಾಖ 65ರಿಂದ 75 ಡಿಗ್ರಿ ತಲುಪಿದಾಗ ಗಂಟೆಗಟ್ಟಲೆ ಏರದೆ ನಿಲ್ಲಬಹುದು. ಮೇಲ್ಮೈಯ ತೇವ ಆವಿಯಾಗುತ್ತಾ ಮಾಂಸವನ್ನು ತಂಪಾಗಿಸುವುದೇ ಇದಕ್ಕೆ ಕಾರಣ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಇದೇ ತತ್ತ್ವದಿಂದ. ಆಗ ಗಾಬರಿಯಿಂದ ಕಂಡಿ ತೆರೆದರೆ ಬೆಂಕಿ ಭುಗಿಲೆದ್ದು ಹೊರಪದರ ಒಣಗುತ್ತದೆ. ಕಾಯುವುದು ಒಂದು ದಾರಿ. ಮಾಂಸಕ್ಕೆ ಬಣ್ಣ ಬಂದ ಮೇಲೆ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತುವುದು ಮತ್ತೊಂದು. ಒಳಶಾಖ ಸುಮಾರು 95 ಡಿಗ್ರಿ ಮುಟ್ಟಿ, ಕಡ್ಡಿ ಚುಚ್ಚಿದರೆ ಸಲೀಸಾಗಿ ಇಳಿದಾಗ ಮಾಂಸ ಬೆಂದಿದೆ ಎಂದರ್ಥ.

<b>ಎಚ್ಚರಿಕೆ</b>

ಗಾಳಿಯಿಲ್ಲದೆ ಮಂದವಾಗಿರುವ ಒಲೆಯ ಮುಚ್ಚಳವನ್ನು ಒಮ್ಮೆಲೇ ತೆರೆದರೆ ಜ್ವಾಲೆ ಮುಖಕ್ಕೆ ರಾಚುವ ಅಪಾಯವಿದೆ. ಮೊದಲು ತುಸುವೇ ಎತ್ತಿ ಗಾಳಿಯಾಡಲು ಬಿಡಬೇಕು. ಇದ್ದಿಲಿನಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಅದು ಪ್ರಾಣಾಂತಕ. ಆದ್ದರಿಂದ ಈ ಒಲೆಯನ್ನು ಮನೆಯೊಳಗಾಗಲಿ, ಮುಚ್ಚಿದ ಬಾಲ್ಕನಿಯಲ್ಲಾಗಲಿ ಹೊತ್ತಿಸಕೂಡದು.